ಪಕ್ಕದ ಕಾಡು ಹೋದರೆ ನಮ್ಮ ತೋಟದ ಹವೆ ಬದಲಾಗುತ್ತದೆಯೇ?

ಪ್ರಶ್ನೆ: ಮಾನ್ಯರೇ, ಮುಳ್ಳಯ್ಯನಗಿರಿಯ ದಕ್ಷಿಣದ ತಪ್ಪಲಿನಲ್ಲಿ ನಮಗೆ ಹನ್ನೆರಡು ಎಕರೆ ಅರೇಬಿಕಾ ಕಾಫಿ ತೋಟವಿದೆ. ತೋಟದ ಈಶಾನ್ಯಕ್ಕೆ, ನಮಗಿಂತ ಮೇಲ್ಮಟ್ಟದಲ್ಲಿ, ಪಕ್ಕದವರ ಜಮೀನಿನಲ್ಲಿ ಸುಮಾರು ಹತ್ತು ಎಕರೆ ಹಳೆಯ ಕಾಡಿತ್ತು. ನಾಲ್ಕು ವರ್ಷಗಳ ಹಿಂದೆ ಅದನ್ನು ತೆರವು ಮಾಡಿ, ಜೆಸಿಬಿಯಿಂದ ನೆಲ ಮಟ್ಟ ಮಾಡಿಸಿ ಹಾಗೆಯೇ ಬಿಟ್ಟಿದ್ದಾರೆ. ಅಲ್ಲಿಂದೀಚೆಗೆ ಬೇಲಿಯ ಪಕ್ಕದ ಎಂಟು ಹತ್ತು ಸಾಲುಗಳಲ್ಲಿ ಹೂವು ಒಣಗುತ್ತಿದೆ, ಕಾಂಡಕೊರಕ ಹೆಚ್ಚಾಗಿದೆ, ಹಳ್ಳದ ಬದಿಯಲ್ಲಿ ಜನವರಿಯ ಚಳಿ ಮೊದಲಿಗಿಂತ ಬಿರುಸಾಗಿದೆ. ಯುಗಾದಿಯವರೆಗೆ ಹರಿಯುತ್ತಿದ್ದ ಹಳ್ಳ ಶಿವರಾತ್ರಿಗೇ ನಿಲ್ಲುತ್ತಿದೆ. ಇದು ಕಾಡು ಹೋದದ್ದರಿಂದ ಆಗುತ್ತಿರುವುದೋ ಅಥವಾ ಎಲ್ಲರೂ ಹೇಳುವ ಹವಾಮಾನ ಬದಲಾವಣೆಯೋ? ಕಾಡು ಹೋದರೆ ಮಳೆಯೂ ಹೋಗುತ್ತದೆ ಎನ್ನುವುದು ನಿಜವೇ? ಬೇಲಿಗುಂಟ ಸಿಲ್ವರ್ ಓಕ್ ನೆಟ್ಟರೆ ಮೊದಲಿನಂತಾಗುತ್ತದೆಯೇ?

ಉತ್ತರ: ನೀವು ಬರೆದಿರುವ ಲಕ್ಷಣಗಳಲ್ಲಿ ಬಹುಪಾಲು ಆ ಹತ್ತು ಎಕರೆ ಕಾಡು ಹೋದದ್ದರಿಂದಲೇ ಉಂಟಾದವು ಎಂದು ನಾನು ಭಾವಿಸುತ್ತೇನೆ. ಹಾಗೆ ಭಾವಿಸಲು ನಿಮ್ಮ ಪತ್ರದಲ್ಲಿಯೇ ಒಂದು ಬಲವಾದ ಆಧಾರವಿದೆ. ಅದನ್ನು ಮುಂದೆ ಹೇಳುತ್ತೇನೆ. ಆದರೆ ಕಾಡಿನ ಉಪಕಾರವನ್ನು ನಾವು ಸಾಮಾನ್ಯವಾಗಿ ಹುಡುಕುವ ಜಾಗವೇ ಬೇರೆ, ಅದು ನಿಜವಾಗಿ ಇರುವ ಜಾಗವೇ ಬೇರೆ. ನಿಮ್ಮ ತೋಟಕ್ಕೆ ಆ ಕಾಡು ಮಳೆಯನ್ನು ಕರೆತರುತ್ತಿರಲಿಲ್ಲ. ಬಂದ ಮಳೆಯನ್ನು, ಬಿದ್ದ ಬಿಸಿಲನ್ನು, ಬೀಸಿದ ಗಾಳಿಯನ್ನು ತಡೆದು, ನಿಧಾನಗೊಳಿಸಿ, ಹದಮಾಡಿ ನಿಮ್ಮತ್ತ ಬಿಡುತ್ತಿತ್ತು.

ಮಳೆಯ ಮಾತನ್ನು ಮೊದಲು ಮುಗಿಸೋಣ. ಆಗುಂಬೆಯಿಂದ ಬಹುತೇಕ ನೇರ ಪೂರ್ವಕ್ಕೆ ಗೆರೆ ಎಳೆದರೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಕಡೂರು ಸಿಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೆ ಕಡೂರಿನಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್. ಈ ಅಂತರವನ್ನು ಉಂಟುಮಾಡಿದ್ದು ಮರಗಳಲ್ಲ, ಬೆಟ್ಟಗಳು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಮಳೆಯಾಗಿ ಸುರಿಯುತ್ತದೆ. ಘಟ್ಟವನ್ನೂ, ಅದರ ಹಿಂದೆ ಕುದುರೆ ಲಾಳದ ಆಕಾರದಲ್ಲಿ ನಿಂತಿರುವ ಚಂದ್ರದ್ರೋಣ ಶ್ರೇಣಿಯನ್ನೂ ದಾಟಿ ಬಯಲುಸೀಮೆಗೆ ಇಳಿಯುವ ಹೊತ್ತಿಗೆ ಅದರಲ್ಲಿ ಉಳಿದಿರುವುದು ಸ್ವಲ್ಪವೇ. ಹತ್ತು ಎಕರೆ ಕಾಡು ಇದ್ದರೂ ಹೋದರೂ ಮುಂಗಾರಿನ ಈ ಲೆಕ್ಕ ಬದಲಾಗುವುದಿಲ್ಲ. ಇಡೀ ಘಟ್ಟಸಾಲಿನ ಕಾಡನ್ನು ಒಟ್ಟಾಗಿ ತೆಗೆದುಕೊಂಡರೆ ಮಾತು ಬೇರೆ. ಅಷ್ಟು ವಿಸ್ತಾರದ ಎಲೆಗಳಿಂದ ಆವಿಯಾಗುವ ನೀರು ಗಾಳಿಯಲ್ಲಿ ಬೆರೆತು ಪೂರ್ವದ ನಾಡುಗಳ ಮಳೆಗೆ ಸೇರುತ್ತದೆ ಮತ್ತು ಬೇಸಿಗೆಯ ಗುಡುಗು ಮಳೆಗಳಿಗೆ ಬೇಕಾದ ತೇವದಲ್ಲಿ ಅದರ ಪಾಲೂ ಇರುತ್ತದೆ. ಆದರೆ ನಿಮ್ಮ ತೋಟದ ಮಳೆಮಾಪಕದಲ್ಲಿ ಒಂದೆರಡು ವರ್ಷ ಕಡಿಮೆ ಮಳೆ ದಾಖಲಾಗಿದ್ದರೆ ಅದರ ಹೊಣೆಯನ್ನು ಪಕ್ಕದ ಜಮೀನಿನ ಮೇಲೆ ಹೊರಿಸುವುದು ಸರಿಯಲ್ಲ.

ಇನ್ನು ಬಿಸಿಲಿನ ವಿಷಯ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ತೆರವಾದ ಆ ಜಮೀನಿಗೆ ಹೋಗಿ ಅಂಗೈಯನ್ನು ಮಣ್ಣಿನ ಮೇಲಿಟ್ಟು ನೋಡಿ. ಹೆಚ್ಚು ಹೊತ್ತು ಇಡಲಾಗುವುದಿಲ್ಲ. ಅಲ್ಲಿಂದ ಹಿಂದಿರುಗಿ ನಿಮ್ಮ ತೋಟದ ಒಳಭಾಗದಲ್ಲಿ, ಹಳೆಯ ಅತ್ತಿ ಮರದ ಕೆಳಗೆ ದರಗನ್ನು (ಉದುರಿದ ಒಣ ಎಲೆಗಳನ್ನು) ಪಕ್ಕಕ್ಕೆ ಸರಿಸಿ ಅದೇ ಕೈಯನ್ನು ಇಡಿ. ಮಣ್ಣು ತಂಪಾಗಿ, ಬೆರಳಿಗೆ ಸ್ವಲ್ಪ ಅಂಟುವಂತೆ ಇರುತ್ತದೆ. ಎರಡೂ ಕಡೆ ಸೂರ್ಯ ಒಬ್ಬನೇ, ಆಕಾಶ ಒಂದೇ. ಬಂದ ಶಾಖ ಎಲ್ಲಿ ಖರ್ಚಾಗುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಬರಿನೆಲದಲ್ಲಿ ಅದು ಮಣ್ಣನ್ನು ಕಾಯಿಸುತ್ತದೆ, ಕಾದ ಮಣ್ಣು ಗಾಳಿಯನ್ನು ಕಾಯಿಸುತ್ತದೆ. ಕಾಡಿನಲ್ಲಿ ಶಾಖದ ದೊಡ್ಡ ಪಾಲು ಎಲೆಗಳಲ್ಲಿನ ನೀರನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆ.

ಈ ವ್ಯಯ ಎಷ್ಟು ದೊಡ್ಡದೆಂಬುದು ಅನೇಕರಿಗೆ ತಿಳಿದಿಲ್ಲ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖ, ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 0.68 ಯೂನಿಟ್. ಬೇರಿಗೆ ನೀರು ಸಿಗುವ ದೊಡ್ಡ ಮರವೊಂದು ದಿನಕ್ಕೆ ನೂರು ಲೀಟರ್ ನೀರನ್ನು ಎಲೆಗಳ ಮೂಲಕ ಬಿಟ್ಟಿತೆಂದರೆ ಅದು ತನ್ನ ಸುತ್ತಲಿನಿಂದ 68 ಯೂನಿಟ್‌ನಷ್ಟು ಶಾಖವನ್ನು ಎಳೆದುಕೊಂಡಂತಾಯಿತು. ನಮ್ಮ ಕಡೆಯ ಸಣ್ಣ ಸಂಸಾರವೊಂದರ ತಿಂಗಳ ಕರೆಂಟು ಬಿಲ್ಲಿನಲ್ಲಿ ಬರುವ ಯೂನಿಟ್ಟುಗಳು ಇದಕ್ಕೆ ಹತ್ತಿರವಿರುತ್ತವೆ. ಅಂಥ ನೂರಾರು ಮರಗಳು ನಿಮ್ಮ ಬೇಲಿಯಾಚೆ ಇದ್ದವು. ಜಗತ್ತಿನ ನಾನಾ ಭಾಗಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಾಡಿನ ನೆರಳಿನಡಿಯ ಗರಿಷ್ಠ ಉಷ್ಣಾಂಶವು ಹೊರಗಿನ ಬಯಲಿಗಿಂತ ಸರಾಸರಿ 4 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯೂ, ಕನಿಷ್ಠ ಉಷ್ಣಾಂಶವು ಸುಮಾರು 1 ಡಿಗ್ರಿಯಷ್ಟು ಹೆಚ್ಚೂ ಇರುವುದು ಕಂಡುಬಂದಿದೆ. ಬೆಟ್ಟ ಹತ್ತುವಾಗ ಸಾಮಾನ್ಯವಾಗಿ ಒಂದು ಕಿಲೋಮೀಟರ್ ಎತ್ತರಕ್ಕೆ ಆರೂವರೆ ಡಿಗ್ರಿಯಷ್ಟು ಉಷ್ಣಾಂಶ ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್. ಪಟ್ಟಣದಿಂದ ನೆತ್ತಿಗೆ ಹೋದಾಗ ಸಿಗುವ ತಂಪು ಐದಾರು ಡಿಗ್ರಿ ಎಂದಾಯಿತು. ಒಳ್ಳೆಯ ಕಾಡು ಅದಕ್ಕೆ ಹತ್ತಿರದ ತಂಪನ್ನು ನಿಂತ ಜಾಗದಲ್ಲಿಯೇ ಕೊಡುತ್ತದೆ. 15ರಿಂದ 25 ಡಿಗ್ರಿಯ ನಡುವೆ ಸುಖವಾಗಿರುವ ಅರೇಬಿಕಾ ಗಿಡಕ್ಕೆ ಇದು ಸಣ್ಣ ವಿಷಯವಲ್ಲ.

ನಿಮ್ಮ ಹೂವು ಒಣಗುತ್ತಿರುವುದಕ್ಕೆ ಉಷ್ಣಾಂಶಕ್ಕಿಂತಲೂ ಹತ್ತಿರದ ಕಾರಣ ಗಾಳಿಯ ದಾಹ. ಗಾಳಿಯು ಇನ್ನೂ ಎಷ್ಟು ಆವಿಯನ್ನು ಹೀರಿಕೊಳ್ಳಬಲ್ಲದು ಎಂಬುದನ್ನು ನಾನು ಆ ಮಾತಿನಿಂದ ಕರೆಯುತ್ತಿದ್ದೇನೆ. ಗಾಳಿ ಬಿಸಿಯಾದಂತೆ ಅದರ ಹೀರುವ ಶಕ್ತಿ ಸಮಪ್ರಮಾಣದಲ್ಲಿ ಏರುವುದಿಲ್ಲ, ಅದಕ್ಕಿಂತ ವೇಗವಾಗಿ ಏರುತ್ತದೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಾಳಿಯಲ್ಲಿರುವ ಆವಿಯ ಒತ್ತಡ 20 ಹೆಕ್ಟೊಪ್ಯಾಸ್ಕಲ್ ಇದೆಯೆಂದು ಇಟ್ಟುಕೊಳ್ಳಿ. 28 ಡಿಗ್ರಿಯಲ್ಲಿ ಗಾಳಿ ತುಂಬಿಕೊಳ್ಳಲು ಸುಮಾರು 38 ಬೇಕು, ಕೊರತೆ 18. ಅದೇ ಗಾಳಿ 32 ಡಿಗ್ರಿಗೆ ಕಾದರೆ ತುಂಬಿಕೊಳ್ಳಲು 47ಕ್ಕಿಂತ ಹೆಚ್ಚು ಬೇಕು; ಕೊರತೆ 27 ದಾಟುತ್ತದೆ. ನಾಲ್ಕೇ ಡಿಗ್ರಿಗೆ ದಾಹ ಒಂದೂವರೆ ಪಟ್ಟಾಯಿತು. ಕಾಡಿನ ಎಲೆಗಳು ಬಿಡುತ್ತಿದ್ದ ಆವಿಯೂ ಈಗ ಇಲ್ಲದಿರುವುದರಿಂದ ನಿಜವಾದ ವ್ಯತ್ಯಾಸ ಇದಕ್ಕೂ ಹೆಚ್ಚಿರುತ್ತದೆ.

ಈಗ ಇದನ್ನು ಕಾಫಿಯ ಹೂವಿನ ಪಂಚಾಂಗಕ್ಕೆ ಹೊಂದಿಸಿ ನೋಡಿ. ಒಣಹವೆಯಲ್ಲಿ ಸುಮ್ಮನಿದ್ದ ಮೊಗ್ಗು ರೇವತಿ ಮಳೆ ನಕ್ಷತ್ರದ ಆಸುಪಾಸಿನಲ್ಲಿ 25ರಿಂದ 40 ಮಿಲಿಮೀಟರ್ ಹೂಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಆ ದಿನಗಳಲ್ಲಿಯೂ, ಮುಂದಿನ ಬ್ಯಾಕಿಂಗ್ ಮಳೆ, ಅಂದರೆ ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆ, ಬರುವವರೆಗೂ ಎಳೆಯ ಹೂವು ಮತ್ತು ಅಂಡಾಶಯ ಬಾಡದೆ ಉಳಿಯಬೇಕು. ಆದರೆ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ನಮ್ಮ ತಪ್ಪಲಿಗೆ ಬೀಸುವುದು ಬಯಲುಸೀಮೆಯ ಕಡೆಯಿಂದ ಬರುವ ಒಣ ಮೂಡಗಾಳಿ. ಆ ಗಾಳಿ ಮೊದಲು ಪಕ್ಕದ ಕಾಡಿನೊಳಗೆ ನುಸುಳಿ, ವೇಗ ಕಳೆದುಕೊಂಡು, ಒಂದಿಷ್ಟು ತೇವ ತುಂಬಿಕೊಂಡು ನಿಮ್ಮ ಬೇಲಿ ದಾಟುತ್ತಿತ್ತು. ಈಗ ಹತ್ತು ಎಕರೆ ಕಾದ ನೆಲದ ಮೇಲೆ ತಡೆಯಿಲ್ಲದೆ ಹಾದು, ಮೊದಲಿಗಿಂತ ಬಿಸಿಯಾಗಿ, ನೇರವಾಗಿ ನಿಮ್ಮ ಹೂವಿನ ಗೊಂಚಲಿಗೆ ಬಡಿಯುತ್ತಿದೆ.

ಕಾಂಡಕೊರಕದ ಹೆಚ್ಚಳವೂ ಇದೇ ಕಥೆಯ ಭಾಗ. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಗಳಲ್ಲಿ ಹೊರಬಂದು, ಬಿಸಿಲು ಬಿದ್ದು ಬೆಚ್ಚಗಾದ ಅರೇಬಿಕಾ ಕಾಂಡಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡಲು ಇಷ್ಟಪಡುತ್ತದೆ. ನಿಮ್ಮ ಅಂಚಿನ ಗಿಡಗಳಿಗೆ ಮೇಲಿನ ನೆರಳು ಹಾಗೆಯೇ ಇದ್ದರೂ ಬೆಳಗಿನ ಬಿಸಿಲು ಈಗ ಪಕ್ಕದಿಂದ, ನೇರ ಕಾಂಡಕ್ಕೇ ಬೀಳುತ್ತಿದೆ. ತೋಟದವರು ತಲೆಯೆತ್ತಿ ನೆರಳನ್ನು ಅಳೆಯುತ್ತಾರೆ; ಪಕ್ಕಕ್ಕೆ ತಿರುಗಿಯೂ ನೋಡಬೇಕು.

ಚಳಿಯ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಕಾಡು ತಂಪು ಕೊಡುತ್ತದೆ ಎಂದಮೇಲೆ ಅದು ಹೋದಾಗ ಚಳಿ ಹೇಗೆ ಹೆಚ್ಚಿತು ಎಂದು ಹಲವರಿಗೆ ಗೊಂದಲವಾಗುತ್ತದೆ. ಡಿಸೆಂಬರ್ ಮತ್ತು ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಕಾಡಿದ್ದಾಗ ಆಕಾಶಕ್ಕೆ ಎದುರಾಗಿರುವುದು ಮರದ ನೆತ್ತಿ. ತಣಿಯುವುದು ಆ ನೆತ್ತಿಯೇ ಹೊರತು ಕೆಳಗಿನ ನೆಲವಲ್ಲ; ಎಲೆಗಳ ಚಾವಣಿಯು ನೆಲದ ಬೆಚ್ಚನೆಯ ಉಸಿರನ್ನು ಅಲ್ಲಿಯೇ ಹಿಡಿದಿಡುತ್ತದೆ. ಬರಿನೆಲವಾದರೋ ಬೇಗ ತಣಿಯುತ್ತದೆ, ಅದನ್ನು ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ, ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನಂತೆಯೇ ತಗ್ಗನ್ನು ಹುಡುಕಿಕೊಂಡು ಹರಿಯುತ್ತದೆ. ಬೆಳಗಿನ ಜಾವ ಕೂಲಿ ಲೈನಿನ ಒಲೆಯ ಹೊಗೆಯನ್ನು ಗಮನಿಸಿ. ಅದು ಸ್ವಲ್ಪ ಮೇಲೆದ್ದು, ಮಾಡಿನ ಎತ್ತರದಲ್ಲಿಯೇ ಮಡಚಿಕೊಂಡು, ಮೆಲ್ಲಗೆ ಹಳ್ಳದ ಕಡೆಗೆ ಜಾರುತ್ತದೆ. ನಿಮ್ಮ ತೋಟದ ಮೇಲ್ಭಾಗದಿಂದ ತಣ್ಣನೆಯ ಗಾಳಿ ಇಳಿದು ಬರುವ ದಾರಿಯನ್ನು ಆ ಹೊಗೆ ಬರೆದು ತೋರಿಸುತ್ತದೆ. ಹಾಗಾಗಿ ಹಳ್ಳದ ಬದಿಯ ಗಿಡಗಳಿಗೇ ಚಳಿಯ ಪೆಟ್ಟು ಹೆಚ್ಚು ಬಿದ್ದಿರುವುದರಲ್ಲಿ ಆಶ್ಚರ್ಯವಿಲ್ಲ. ಕಾಡು ಹಗಲಿನ ಏರನ್ನೂ ರಾತ್ರಿಯ ಇಳಿತವನ್ನೂ ಎರಡೂ ಕಡೆಯಿಂದ ಒತ್ತಿ ಹಿಡಿದಿತ್ತು. ಈಗ ಎರಡೂ ತುದಿಗಳು ಬಿಚ್ಚಿಕೊಂಡಿವೆ.

ಹಳ್ಳದ ವಿಷಯದಲ್ಲಿ ಎಚ್ಚರದಿಂದ ಮಾತನಾಡಬೇಕಾಗಿದೆ, ಏಕೆಂದರೆ ಇಲ್ಲಿ ಭಾವನೆಗೆ ಒಪ್ಪುವ ಉತ್ತರ ಪೂರ್ತಿ ಸರಿಯಲ್ಲ. ಮರಗಳು ನೀರು ಕುಡಿಯುತ್ತವೆ. ಕಾಡು ಕಡಿದ ಮೇಲೆ ಹಳ್ಳದಲ್ಲಿ ಇಡೀ ವರ್ಷ ಹರಿಯುವ ಒಟ್ಟು ನೀರು ಎಷ್ಟೋ ಕಡೆ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಆದರೆ ಆ ಹೆಚ್ಚಳ ಬರುವುದು ಆರಿದ್ರಾ ಪುನರ್ವಸು ಮಳೆಗಳ ಕೆಂಪು ನೀರಾಗಿ, ನಮಗೆ ಅದು ಬೇಡದ ಹೊತ್ತಿನಲ್ಲಿ. ನಮಗೆ ಬೇಕಾದದ್ದು ಶಿವರಾತ್ರಿಯ ನಂತರದ ಸಣ್ಣ ಹರಿವು. ಅದನ್ನು ನಿರ್ಧರಿಸುವುದು ಮಳೆಗಾಲದಲ್ಲಿ ಎಷ್ಟು ನೀರು ನೆಲದೊಳಗೆ ಇಳಿಯಿತು ಎಂಬುದು. ಒಂದು ಎಕರೆಯ ಮೇಲೆ 30 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1.2 ಲಕ್ಷ ಲೀಟರ್ ನೀರು. ಹತ್ತು ಎಕರೆಗೆ 12 ಲಕ್ಷ ಲೀಟರ್. ದರಗಿನ ಹಾಸು, ಎರೆಹುಳುವಿನ ಬಿಲ, ಸತ್ತ ಬೇರು ಬಿಟ್ಟುಹೋದ ಕೊಳವೆ ಇವೆಲ್ಲ ಇರುವ ಕಾಡಿನ ಮಣ್ಣು ಇದರ ದೊಡ್ಡ ಪಾಲನ್ನು ಒಳಗಿಳಿಸಿಕೊಳ್ಳುತ್ತದೆ. ಜೆಸಿಬಿಯ ಚಕ್ರ ಅಥವಾ ಪಟ್ಟಿ ಓಡಾಡಿ ಬಿಗಿದ ಮಣ್ಣಿನಲ್ಲಿ ಅದೇ ನೀರು ಮೇಲೆಯೇ ಹರಿದು ಹೋಗುತ್ತದೆ. ಪಶ್ಚಿಮ ಘಟ್ಟದ ಕರ್ನಾಟಕ ಭಾಗದಲ್ಲಿ ನಡೆದ ಅಳತೆಗಳೂ ಇದನ್ನೇ ತೋರಿಸಿವೆ: ಸಹಜ ಕಾಡಿನ ಮಣ್ಣು ನೀರನ್ನು ಒಳಗಿಳಿಸಿಕೊಳ್ಳುವಷ್ಟು ಚೆನ್ನಾಗಿ ಹಾಳುಬಿದ್ದ ನೆಲವೂ ಇಳಿಸಿಕೊಳ್ಳುವುದಿಲ್ಲ, ಅಕೇಶಿಯಾ ನೆಡುತೋಪೂ ಇಳಿಸಿಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಹಳ್ಳ ಬೇಗ ನಿಲ್ಲುತ್ತಿರುವುದಕ್ಕೆ ಮರ ಕಡಿದದ್ದಕ್ಕಿಂತ ನೆಲ ಮಟ್ಟ ಮಾಡಿದ್ದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಮರವನ್ನು ಕಡಿದು ಬುಡವನ್ನೂ ಮಣ್ಣನ್ನೂ ಮುಟ್ಟದೆ ಬಿಟ್ಟಿದ್ದರೆ ಹಾನಿ ಇಷ್ಟು ಬೇಗ ಕಾಣುತ್ತಿರಲಿಲ್ಲ.

ಗಿರಿಯ ನೆತ್ತಿಗೆ ಹತ್ತಿರದ ಶೋಲಾ ಕಾಡುಗಳು (ಎತ್ತರದ ಬೆಟ್ಟಗಳ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡುಗಳು) ಇದಕ್ಕೆ ಇನ್ನೊಂದು ಕೆಲಸವನ್ನು ಸೇರಿಸುತ್ತವೆ. ಮೋಡವೇ ನೆಲಕ್ಕೆ ತಾಗುವ ಆ ಎತ್ತರದಲ್ಲಿ ಪಾಚಿ ಹೊದ್ದ ಕೊಂಬೆಗಳು ಮಂಜಿನ ಹನಿಗಳನ್ನು ಹಿಡಿದು ಬುಡಕ್ಕೆ ಇಳಿಸುತ್ತವೆ. ಬಯಲಿನಲ್ಲಿಟ್ಟ ಮಳೆಮಾಪಕ ಅದನ್ನು ಲೆಕ್ಕ ಹಿಡಿಯುವುದೇ ಇಲ್ಲ. ತಪ್ಪಲಿನ ನಿಮ್ಮ ಎತ್ತರದಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ನಿಮ್ಮ ಹಳ್ಳದ ಮೂಲ ಮೇಲಿನಿಂದ ಬರುವುದಾದರೆ ಅಲ್ಲಿನ ಕಾಡಿನ ಸ್ಥಿತಿಯನ್ನೂ ವಿಚಾರಿಸಿ.

ಇನ್ನು ಮೊದಲಿಗೆ ಹೇಳಿದ ಆಧಾರದ ಮಾತು. ಹವಾಮಾನ ಬದಲಾವಣೆ ಖಂಡಿತವಾಗಿಯೂ ಇದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಆದರೆ ಆ ಏರಿಕೆ ನಿಮ್ಮ ಬೇಲಿಯ ಪಕ್ಕದ ಹತ್ತು ಸಾಲನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ, ಇಡೀ ತೋಟದ ಮೇಲೆ ಸಮನಾಗಿ ಕೂರುತ್ತದೆ. ತೊಂದರೆ ಅಂಚಿನಲ್ಲಿ ಹೆಚ್ಚಾಗಿ, ಒಳಗೆ ಹೋದಂತೆ ಕಡಿಮೆಯಾಗುತ್ತಿದ್ದರೆ ಅದು ಅಂಚಿನ ಪರಿಣಾಮ. ಕಾಡಿನ ಅಂಚಿನಿಂದ ಒಳಗೆ ಬಿಸಿಲು, ಒಣಗಾಳಿಗಳ ಪ್ರಭಾವ ಸಾಮಾನ್ಯವಾಗಿ ಹತ್ತಾರು ಮೀಟರ್‌ನಿಂದ ನೂರು ಮೀಟರ್‌ವರೆಗೆ ಇರುತ್ತದೆ. ನೀವು ಹೇಳುವ ಎಂಟು ಹತ್ತು ಸಾಲುಗಳು ಈ ಅಳತೆಯೊಳಗೇ ಬರುತ್ತವೆ. ನನ್ನ ಮಾತನ್ನು ಹಾಗೆಯೇ ನಂಬುವ ಅಗತ್ಯವಿಲ್ಲ. ಗರಿಷ್ಠ ಕನಿಷ್ಠ ಉಷ್ಣಮಾಪಕಗಳನ್ನು ಎರಡು ಕೊಳ್ಳಿ. ಒಂದನ್ನು ಬೇಲಿಯಿಂದ ಮೂರನೆಯ ಸಾಲಿನಲ್ಲಿ, ಇನ್ನೊಂದನ್ನು ತೋಟದ ನಡುಮಧ್ಯದಲ್ಲಿ, ಎರಡನ್ನೂ ನೆಲದಿಂದ ಎದೆಮಟ್ಟದ ಎತ್ತರದಲ್ಲಿ, ಗಾಳಿಯಾಡುವ ಆದರೆ ಬಿಸಿಲು ತಾಗದ ಬಿಳಿ ಬಣ್ಣದ ಪೆಟ್ಟಿಗೆಯೊಳಗೆ ಇಡಿ. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಓದಿ, ಮಳೆ ಬರೆಯುವ ಪುಸ್ತಕದಲ್ಲಿಯೇ ಪಕ್ಕದಲ್ಲಿ ಬರೆದಿಡಿ. ನಮ್ಮ ಜಿಲ್ಲೆಯ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ಉಷ್ಣಾಂಶ ಬರೆದವರು ವಿರಳ. ಒಂದು ಬೇಸಿಗೆ ಮತ್ತು ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಎರಡು ಪೆಟ್ಟಿಗೆಗಳ ವ್ಯತ್ಯಾಸವೇ ನಿಮಗೆ ಉತ್ತರ ಹೇಳುತ್ತದೆ.

ಸಿಲ್ವರ್ ಓಕ್ ಬಗ್ಗೆ ನಾನು ಕಟುವಾಗಿ ಮಾತನಾಡುವುದಿಲ್ಲ. ಆಸ್ಟ್ರೇಲಿಯಾದ ಪೂರ್ವಭಾಗದಿಂದ ಬಂದ ಆ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಷ್ಟಕಾಲದಲ್ಲಿ ಮಾರಿದರೆ ಕೈಗೆ ಹಣ ಬರುತ್ತದೆ. ಗಾಳಿಯ ಬಿರುಸನ್ನು ಸ್ವಲ್ಪ ಮುರಿಯುವುದಕ್ಕೂ ಆದೀತು. ಆದರೆ ಅದು ನೆಟ್ಟಗೆ ಏರುವ ಮರ, ಹರವು ಕಡಿಮೆ, ಎಲೆ ಬೇಗ ಕೊಳೆಯದು. ಒಂದೇ ಎತ್ತರದ ಒಂದೇ ಸಾಲು ಓಕ್ ಮರಗಳ ಬೊಡ್ಡೆಗಳ ನಡುವೆ, ಕೊಂಬೆಯಿಲ್ಲದ ಕೆಳಭಾಗದಲ್ಲಿ, ಗಾಳಿ ಸಲೀಸಾಗಿ ನುಗ್ಗುತ್ತದೆ. ಹೋದ ಕಾಡಿನಲ್ಲಿ ನೆತ್ತಿಯ ಮರ, ನಡುಮಟ್ಟದ ಮರ, ಪೊದೆ, ಬಳ್ಳಿ, ದರಗು ಎಂಬ ಅಂತಸ್ತುಗಳಿದ್ದವು. ಹವೆಯನ್ನು ಹದಮಾಡುತ್ತಿದ್ದುದು ಆ ಅಂತಸ್ತುಗಳ ಒಟ್ಟು ಜೋಡಣೆ.

ಆದ್ದರಿಂದ ಬೇಲಿಗುಂಟ ಒಂದು ಸಾಲಿನ ಬದಲು ಮೂರು ನಾಲ್ಕು ಸಾಲಿನ ಪಟ್ಟಿಯನ್ನು ಬಿಟ್ಟುಕೊಡಿ. ಮುಂಗಾರಿನ ಆರಂಭದಲ್ಲಿ ಹಾಲುವಾಣದ ಗೂಟಗಳನ್ನು ಒತ್ತಾಗಿ ನೆಡಿ. ಎರಡು ಮೂರು ವರ್ಷಗಳಲ್ಲಿ ಪಕ್ಕದ ಬಿಸಿಲನ್ನು ಅವು ತಡೆಯುತ್ತವೆ. ಅವುಗಳ ನಡುವೆ ಅತ್ತಿ, ಬಸರಿ, ಗೋಣಿ, ಹಲಸು, ನೇರಳೆ, ನಂದಿ ಮುಂತಾದ ನಮ್ಮ ನೆಲದ ಮರಗಳನ್ನು ಬೆರೆಸಿ ಹಾಕಿ. ಓಕ್ ಬೇಕೆಂದಿದ್ದರೆ ಇವುಗಳ ಜೊತೆಯಲ್ಲಿ ಅಲ್ಲೊಂದು ಇಲ್ಲೊಂದು ಇರಲಿ. ಹೊರಗಿನ ಸಾಲಿನಲ್ಲಿ ಪೊದೆಯಾಗಿ ಬೆಳೆಯುವ ಗಿಡಗಳಿರಲಿ. ಗಾಳಿತಡೆ ಗೋಡೆಯಂತೆ ಬಿಗಿಯಾಗಿರುವುದಕ್ಕಿಂತ ಅರ್ಧದಷ್ಟು ಗಾಳಿ ನುಸುಳುವಂತಿದ್ದರೆ ಹೆಚ್ಚು ಉಪಯೋಗ. ಗೋಡೆಯಾದರೆ ಗಾಳಿ ಮೇಲೆ ಹಾರಿ ಆಚೆ ಬದಿಯಲ್ಲಿ ಸುಳಿದು ಬೀಳುತ್ತದೆ. ಹತ್ತು ಮೀಟರ್ ಎತ್ತರದ ಒಳ್ಳೆಯ ಪಟ್ಟಿ ತನ್ನ ಹಿಂದೆ ಸುಮಾರು ನೂರು ಮೀಟರ್‌ವರೆಗೆ ಗಾಳಿಯ ವೇಗವನ್ನು ತಗ್ಗಿಸಬಲ್ಲದು.

ಎರಡು ತಪ್ಪುಗಳನ್ನು ಮಾತ್ರ ದಯವಿಟ್ಟು ಮಾಡಬೇಡಿ. ಮೊದಲನೆಯದು, ತೋಟದ ಕೆಳಗಿನ ಅಂಚಿನಲ್ಲಿ, ಹಳ್ಳ ಹೊರಹೋಗುವ ಕಡೆ, ದಟ್ಟ ಬೇಲಿ ಕಟ್ಟುವುದು. ರಾತ್ರಿ ಇಳಿದು ಬಂದ ತಣ್ಣನೆಯ ಗಾಳಿಗೆ ಅದು ಕಟ್ಟೆಯಾಗಿ ಚಳಿ ನಿಮ್ಮ ತೋಟದಲ್ಲಿಯೇ ನಿಲ್ಲುತ್ತದೆ. ಅಲ್ಲಿ ದಾರಿ ಬಿಡಿ. ಎರಡನೆಯದು, ಈಶಾನ್ಯದ ಅಂಚಿನ ಮರಗಳಿಗೆ ಹೂಮಳೆಗೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡಿಸುವುದು. ಉಳಿದ ಭಾಗದಲ್ಲಿ ನಿಮ್ಮ ವಾಡಿಕೆಯಂತೆ ನಡೆಯಲಿ, ಆ ಅಂಚನ್ನು ಮುಂಗಾರು ಹತ್ತಿರವಾಗುವವರೆಗೆ ಮುಟ್ಟಬೇಡಿ. ಕಾಂಡಕೊರಕ ಹಿಡಿದ ಗಿಡಗಳನ್ನು ಗುರುತಿಸಿ ದುಂಬಿ ಹೊರಬರುವ ಅವಧಿಗೆ ಮೊದಲೇ ಕಿತ್ತು ಸುಡುವುದನ್ನು ನೀವು ಹೇಗೂ ಮಾಡುತ್ತಿರುತ್ತೀರಿ. ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದಿರುವ ಕಾಫಿ ಸಂಶೋಧನಾ ಕೇಂದ್ರದವರು ನೆರಳಿನ ಪ್ರಮಾಣದ ಬಗ್ಗೆ ನಿಮ್ಮ ತಳಿಗೆ ತಕ್ಕ ಸಲಹೆ ಕೊಡಬಲ್ಲರು.

ಗಾಳಿ, ಬಿಸಿಲುಗಳ ಹದ ನಾಲ್ಕೈದು ವರ್ಷಗಳಲ್ಲಿ ಬಹುಮಟ್ಟಿಗೆ ಹಿಂದಿರುಗುತ್ತದೆ. ಹಳ್ಳಕ್ಕೆ ಹೆಚ್ಚು ಕಾಲ ಬೇಕು, ಏಕೆಂದರೆ ಮಣ್ಣಿನೊಳಗಿನ ಆ ಕೊಳವೆಗಳನ್ನು ಬೇರು ಮತ್ತು ಹುಳಗಳೇ ಮತ್ತೆ ಕೊರೆಯಬೇಕು. ನಿಮ್ಮ ಭಾಗದಲ್ಲಿ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿಗಳನ್ನು (ಮಳೆನೀರು ಇಂಗಿಸುವ ಉದ್ದನೆಯ ಗುಂಡಿಗಳನ್ನು) ತೆಗೆಸಿ, ದರಗನ್ನು ಗುಡಿಸದೆ ಬಿಡಿ. ಆದರೆ ನೀರು ಓಡಿಹೋಗುತ್ತಿರುವುದು ಮೇಲಿನ ಜಮೀನಿನಿಂದ. ಅದರ ಮಾಲೀಕರೊಂದಿಗೆ ಜಗಳವಾಡದೆ ಒಮ್ಮೆ ಕುಳಿತು ಮಾತನಾಡಿ. ಅವರ ಮೇಲ್ಮಣ್ಣೂ ಪ್ರತಿ ಮಳೆಗಾಲ ನಿಮ್ಮ ಹಳ್ಳದಲ್ಲಿ ಕೆಂಪಾಗಿ ಹರಿದುಹೋಗುತ್ತಿದೆ, ಅದು ಅವರ ನಷ್ಟವೂ ಹೌದು. ಹತ್ತು ಎಕರೆಗೂ ಮರ ಹಾಕಿ ಎಂದು ಕೇಳಬೇಕಾಗಿಲ್ಲ. ಹಳ್ಳದ ಎರಡೂ ದಡಗಳಲ್ಲಿ ಹತ್ತು ಹದಿನೈದು ಮೀಟರ್ ಅಗಲದ ನೆಲವನ್ನು ಉಳುಮೆಗೂ ಯಂತ್ರಕ್ಕೂ ಒಡ್ಡದೆ, ತಾನಾಗಿ ಚಿಗುರುವ ಗಿಡಗಳಿಗೆ ಬಿಟ್ಟುಕೊಡಲು ಅವರು ಒಪ್ಪಿದರೆ ಸಾಕು. ಹಳೆಯ ಕಾಡಿನ ಬೇರುಗಳು ಆ ದಡಗಳಲ್ಲಿ ಇನ್ನೂ ಜೀವಂತವಾಗಿದ್ದರೆ ನೆಡುವ ಖರ್ಚೂ ಬೀಳುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ದಡಗುಂಟ ಒಮ್ಮೆ ನಡೆದು, ಎಲ್ಲೆಲ್ಲಿ ಬುಡ ಚಿಗುರಿದೆ ಎಂದು ಇಬ್ಬರೂ ಸೇರಿ ಗುರುತು ಹಾಕಿಕೊಳ್ಳಿ.